ವಿಭೂತಿ ಧರಿಸಿದ ಲಂಟಾನ

ಕೈಯನ್ನು ಮೂರು ಸಲ ಸೋಪು ಹಚ್ಚಿ ತೊಳೆದೆ. ಒಮ್ಮೆ ಕಡಲೆಹಿಟ್ಟು ಹಾಕಿಯೂ ಉಜ್ಜಿದೆ. ನಾತ ಹೋಗಿಲ್ಲ. ಲಂಟಾನದ ಎಲೆಯನ್ನು ಒಮ್ಮೆಯಾದರೂ ಬೆರಳಲ್ಲಿ ಹೊಸಕಿದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತು. ಹೊಸಕದವರಿಗೆ ಹೇಗೆ ಹೇಳಲಿ? ಮಾವಿನಕಾಯಿಯ ಸೊನೆಗೆ ಒಂದು ತೊಟ್ಟು ಸೀಮೆಎಣ್ಣೆ ಬಿದ್ದ ಹಾಗೆ. ತೀರ ಕೆಟ್ಟದ್ದು ಅನ್ನುವಂತಿಲ್ಲ, ಒಳ್ಳೆಯದು ಅಂತ ಇದುವರೆಗೆ ಯಾರೂ ಅಂದಿಲ್ಲ. ಈ ವಾಸನೆ ಮೂಗಿಗೆ ಬಡಿದರೆ ಇಪ್ಪತ್ತಮೂರು ವರ್ಷಗಳಿಂದ ನನಗೆ ತಪ್ಪದೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೆ ಒಂದು ಹೆಸರು, ಒಂದು ಮುಖ, ಒಂದು ಕಾಂಪೌಂಡ್ ಗೋಡೆ ಎಲ್ಲವೂ ಇದ್ದವು. ಅದನ್ನು ನಾನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆನೆಂದರೆ, ಗಿಡವನ್ನು ಅಷ್ಟು ಜೋಪಾನ ಮಾಡಿದ್ದರೆ ಅದು ಇವತ್ತಿಗೂ ಹೂ ಬಿಡುತ್ತಿತ್ತು.

ಎರಡು ತಿಂಗಳ ಹಿಂದೆ ಗೋಕುಲಂನಲ್ಲಿರುವ ಗೆಳತಿಯೊಬ್ಬಳನ್ನು ನೋಡಿಕೊಂಡು ಬರುವಾಗ ದಾರಿಯ ನರ್ಸರಿಯೊಂದರ ಮುಂದೆ ನಿಂತೆ. ನಿಂತದ್ದು ಆಶ್ಚರ್ಯಕ್ಕೆ. ಗುಲಾಬಿ, ದಾಸವಾಳಗಳ ಸಾಲಿನಲ್ಲಿ, ಕಪ್ಪು ಕುಂಡದೊಳಗೆ, ಕೊರಳಿಗೊಂದು ಚೀಟಿ ಕಟ್ಟಿಸಿಕೊಂಡು ಲಂಟಾನ ನಿಂತಿತ್ತು! ನೀವು ನನ್ನ ವಯಸ್ಸಿನವರಾಗಿದ್ದು ಈ ಊರಿನವರಾಗಿದ್ದರೆ ನನ್ನ ಕೋಪ ನಿಮಗೆ ಅರ್ಥವಾಗುತ್ತದೆ. ನಾವು ಸಣ್ಣವರಿದ್ದಾಗ ವಿದ್ಯಾರಣ್ಯಪುರಂನಲ್ಲಿ ಖಾಲಿ ಸೈಟು ಅಂದರೇ ಲಂಟಾನದ ಪೊದೆ. ಅದರ ಪುಟ್ಟ ಹೂಗಳನ್ನು ಒಂದರ ಬಾಯಿಗೊಂದು ಸಿಕ್ಕಿಸಿ ಬಳೆ ಮಾಡಿಕೊಳ್ಳುತ್ತಿದ್ದೆವು. ಕಪ್ಪಗೆ ಹಣ್ಣಾದ ಕಾಯಿಯನ್ನು ದೊಡ್ಡವರ ಕಣ್ಣು ತಪ್ಪಿಸಿ ತಿನ್ನುತ್ತಿದ್ದೆವು, ತಿನ್ನಬಾರದಿತ್ತು ಅಂತ ಈಗ ಗೊತ್ತಾಗಿದೆ. ಬಂಡೀಪುರದ ದಾರಿಯಲ್ಲಿ ಹೋದರೆ ಕಾಡನ್ನೆಲ್ಲ ಇದೇ ನುಂಗಿದೆ ಎಂದು ಕಂಡಕಂಡವರು ಗೋಳಾಡುತ್ತಾರೆ. ಅಂಥ ಗಿಡಕ್ಕೆ ಚೀಟಿ, ಕುಂಡ, ನೆರಳುಪರದೆ!

ನರ್ಸರಿಯ ಹುಡುಗಿ ಬಂದು ಹೇಳಿದಳು. "ಇದು ಹೈಬ್ರಿಡ್ ಮೇಡಂ. ಫುಲ್ ಬಿಸಿಲು ಬೇಕು. ತುಂಬಾ ಡೆಲಿಕೇಟು."

"ಡೆಲಿಕೇಟಾ! ಯಾವೂರಮ್ಮ ನಿಂದು?"

"ಇಲ್ಲೇ ಮೇಡಂ, ಹೂಟಗಳ್ಳಿ."

"ಹೂಟಗಳ್ಳೀಲಿ ಇದನ್ನ ನೀನು ಬೇಲೀಲಿ ನೋಡೇ ಇಲ್ವಾ?"

"ನೋಡಿದೀನಿ ಮೇಡಂ. ಅದು ಬೇಲಿ. ಇದು ಪ್ಲಾಂಟು."

ಇತಿಹಾಸ ಪಾಠ ಮಾಡುತ್ತ ಇಪ್ಪತ್ತು ವರ್ಷ ಕಳೆದವಳು, ಆಳಿದವರಿಗೂ ಆಳಿಸಿಕೊಂಡವರಿಗೂ ಇರುವ ವ್ಯತ್ಯಾಸವನ್ನು ಇಷ್ಟು ಚಿಕ್ಕದಾಗಿ ಹೇಳಿದ್ದು ಕಾಣೆ. ದುಡ್ಡು ಕೊಟ್ಟು ಗಿಡ ತೆಗೆದುಕೊಂಡೆ. ಬೇಲಿಯಲ್ಲಿ ಬಿಟ್ಟಿ ಸಿಗುವುದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದವರು ಮೈಸೂರಿನಲ್ಲಿ ನಾನೊಬ್ಬಳೇ ಇರಲಾರೆ, ಆದರೆ ಆ ಸಂಜೆ ಹಾಗೆ ಅನಿಸಿತು.

ತಂದದ್ದು ಅತ್ತೆಗಾಗಿ. ಗಿರಿಜತ್ತೆ ನನ್ನ ತಂದೆಯ ತಂಗಿ. ನನಗೆ ಬುದ್ಧಿ ತಿಳಿಯುವ ಮೊದಲೇ ಅಮ್ಮ ಹೋದದ್ದರಿಂದ ನನ್ನನ್ನು ಬೆಳೆಸಿದವರು ಅವರೇ. ಈಗ ಎಪ್ಪತ್ತೊಂಬತ್ತು ವರ್ಷ. ತಂದೆಯೂ ಹೋದ ಮೇಲೆ ವಿದ್ಯಾರಣ್ಯಪುರಂನ ಅದೇ ಹಳೆಯ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ದಿನಕ್ಕೆ ಎರಡು ಸಲ ಜಗಳ, ಮೂರು ಸಲ ಕಾಫಿ. ಕುಂಡವನ್ನು ತಾರಸಿಯ ಮೇಲಿಟ್ಟು ಅವರನ್ನು ಕರೆದು ತೋರಿಸಿದೆ. ಹೂವನ್ನು ಬೆರಳ ತುದಿಯಿಂದ ಮುಟ್ಟಿ, "ಮತ್ತೆ ಬಂತಾ ನಮ್ಮನೆಗೆ" ಅಂದರು, ಅಷ್ಟೆ. ಚಾಮುಂಡಿ ಬೆಟ್ಟದ ಕಡೆ ಮುಖ ತಿರುಗಿಸಿದರು. ಹಿಂದೆ ಇಂಥದೇ ಗಿಡವನ್ನು ಕಡಿದುಹಾಕಿದ ಆ ನೆರೆಮನೆಯವರನ್ನು ಇವರು ಇನ್ನೂ ಕ್ಷಮಿಸಿಲ್ಲ ಅಂತ ನಾನು ಅರ್ಥ ಮಾಡಿಕೊಂಡೆ. ನಾನೂ ಕ್ಷಮಿಸಿರಲಿಲ್ಲವಲ್ಲ, ಹಿತವಾಯಿತು.

ಹುಡುಗಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಬೆಳಗಿನಿಂದ ನಾಲ್ಕು ಗಂಟೆಯವರೆಗೆ ಬಿಸಿಲು. ಗೊಬ್ಬರ ಇಲ್ಲ, ಯಾಕೆಂದರೆ ಹೊಟ್ಟೆ ತುಂಬಿದ ಲಂಟಾನ ಎಲೆ ಬಿಡುತ್ತದೆಯೇ ಹೊರತು ಹೂ ಬಿಡುವುದಿಲ್ಲವಂತೆ. ಮಣ್ಣಿಗೆ ಬೆರಳು ಇಳಿಸಿ, ಎರಡನೆಯ ಗೆಣ್ಣಿನವರೆಗೂ ಒಣಗಿದ್ದರೆ ಮಾತ್ರ ನೀರು. ಕಾಯಿ ಕಟ್ಟಿದ ಗೊಂಚಲನ್ನು ಹಸಿರಿದ್ದಾಗಲೇ ಚಿವುಟಬೇಕು, ಬೀಜ ಮಾಡುವ ಯೋಚನೆಗೆ ಬಿದ್ದ ಗಿಡ ಹೂವನ್ನು ಮರೆಯುತ್ತದೆ. ಚಿವುಟಿದೆ. ಇಷ್ಟಾಗಿಯೂ ಅದು ಮಾಡಿದ್ದೇನು? ಇದ್ದ ಹೂ ಉದುರಿಸಿತು. ಆಮೇಲೆ ಎಲೆ, ಎಲೆ, ಬರೀ ಎಲೆ. ರೆಂಬೆಗಳು ಸೊಂಟದಲ್ಲಿ ಶಕ್ತಿಯಿಲ್ಲದ ಹಾಗೆ ಉದ್ದಕ್ಕೆ ಬೆಳೆದು ಪ್ಯಾರಪೆಟ್ ಗೋಡೆಗೆ ಒರಗಿಕೊಂಡವು. ಗಿಡ ಅಲ್ಲಾಡಿಸಿದರೆ ಎಲೆಯಡಿಯಿಂದ ಬಿಳಿನೊಣ ಹಿಟ್ಟು ಕೊಡವಿದಂತೆ ಏಳುತ್ತಿತ್ತು. ಎಲೆಯ ಮೇಲೆ ತೆಳ್ಳಗೆ ಬಿಳಿ ಪುಡಿ.

ನಾಲ್ಕು ಎಲೆ ಕಿತ್ತುಕೊಂಡು ನ್ಯಾಯ ಕೇಳಲು ನರ್ಸರಿಗೆ ಹೋದೆ. ಹುಡುಗಿ ಎಲೆಯನ್ನು ತಿರುಗಿಸಿ ನೋಡಿ, "ನೀರು ಜಾಸ್ತಿ ಆಗಿದೆ ಮೇಡಂ" ಅಂದಳು.

"ಬೆರಳು ಹಾಕಿ ನೋಡಿ ಹಾಕ್ತೀನಮ್ಮ. ವಾರಕ್ಕೆ ಎರಡೇ ಸಲ."

"ಹಂಗಾದ್ರೆ ನಿಮಗೆ ಗೊತ್ತಿಲ್ದಂಗೆ ಯಾರೋ ಹಾಕ್ತಾವ್ರೆ."

ನೋಡಿ ಮಾತಿನ ವೈಖರಿ! ಕದ್ದುಕೊಂಡು ಹೋಗುವವರನ್ನು ಕೇಳಿದ್ದೇವೆ, ಕದ್ದು ಬಂದು ನೀರು ಹಾಕಿಹೋಗುವವರುಂಟೇ? ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ಹುಡುಗಿಗೆ ಉತ್ತರ ಕೊಟ್ಟುಕೊಂಡು ಬಂದೆ. ಮಾರನೆಯ ದಿನ ಎಂದಿಗಿಂತ ಒಂದು ಗಂಟೆ ಮೊದಲೇ ಎಚ್ಚರವಾಗಿ ತಾರಸಿಗೆ ಹೋದರೆ, ಒಂದು ಕೈ ಮಂಡಿಯ ಮೇಲಿಟ್ಟುಕೊಂಡು ಬಗ್ಗಿ, ಇನ್ನೊಂದು ಕೈಯ ತಂಬಿಗೆಯಿಂದ ಅತ್ತೆ ಕುಂಡಕ್ಕೆ ನೀರು ಸುರಿಯುತ್ತಿದ್ದಾರೆ!

"ಅತ್ತೆ! ಏನು ಮಾಡ್ತಿದೀರಾ?"

"ಪೂಜೆ ನೀರು ಕಣೇ. ಇನ್ನೆಲ್ಲಿ ಹಾಕಲಿ?"

ನಮ್ಮ ಮನೆಯ ವಾಡಿಕೆ ಗೊತ್ತಿಲ್ಲದವರಿಗೆ ಹೇಳಬೇಕು. ಬೆಳಿಗ್ಗೆ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟು ಪೂಜೆ ಮಾಡುವಾಗ ಎರೆದ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ, ಯಾರ ಕಾಲಿಗೂ ಸಿಕ್ಕುವ ಕಡೆ ಹಾಕುವಂತಿಲ್ಲ. ಯಾವುದಾದರೂ ಗಿಡದ ಬುಡಕ್ಕೆ ಹಾಕಬೇಕು. ಅದರಲ್ಲಿ ನೀರಿನ ಜೊತೆ ಒಂದಿಷ್ಟು ಹಾಲು, ಒಂದಿಷ್ಟು ವಿಭೂತಿ, ಒಂದೆರಡು ಪತ್ರೆ. ಅಂಗಳಕ್ಕೆಲ್ಲ ಸಿಮೆಂಟು ಬಿದ್ದ ಮೇಲೆ ಅತ್ತೆ ಒಂದು ಬಕೆಟ್‌ನಲ್ಲಿ ಅದನ್ನು ಕೂಡಿಟ್ಟು ಪಾರ್ಕಿನ ಮರಕ್ಕೆ ಹಾಕಿಸುತ್ತಿದ್ದರು. ತಾರಸಿಗೆ ಗಿಡ ಬಂದದ್ದೇ ಅವರಿಗೆ ಅನುಕೂಲವಾಯಿತು.

"ನೋಡಿಲ್ಲಿ," ಅತ್ತೆ ಎಲೆಯ ಮೇಲಿನ ಬಿಳಿ ಪುಡಿ ತೋರಿಸಿದರು. ಮುಖ ಅರಳಿತ್ತು. "ವಿಭೂತಿ ಕಾಣಿಸ್ಕೊಂಡಿದೆ. ಆಗಲೂ ಹೀಗೇ ಬಂದಿತ್ತು, ಜ್ಞಾಪಕ ಇದೆಯಾ?"

ಜ್ಞಾಪಕವೇ? ಜ್ಞಾಪಕದ ಮಾತು ಎತ್ತಿದ್ದೇ ತಪ್ಪಾಯಿತು ನೋಡಿ.

ಆಗ ನಾನಿನ್ನೂ ಕಾಲೇಜಿನಲ್ಲಿ ಓದುತ್ತಿದ್ದೆ. ಅತ್ತೆ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಗೇಟಿನ ಪಕ್ಕದ ಮೂಲೆಯಲ್ಲಿ, ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು ತುಂಬಿದ ಬರಡು ಜಾಗದಲ್ಲಿ, ಎದುರು ಸೈಟಿನಿಂದ ಲಂಟಾನದ ಒಂದು ಕಡ್ಡಿ ಮುರಿದು ತಂದು ಅತ್ತೆ ಚುಚ್ಚಿದರು. ತಂದೆ ಪೇಪರಿನ ಮೇಲಿಂದ ನೋಡಿ, "ಎಲ್ಲರೂ ಕಿತ್ತು ಬಿಸಾಕೋದನ್ನ ನೀನು ತಂದು ನೆಡ್ತೀಯಲ್ಲ ಗಿರಿಜಾ, ಇನ್ನು ಪೂಜೇನೂ ಮಾಡ್ತೀಯೇನು?" ಅಂದಿದ್ದರು. ಅದು ಎರಡು ವರ್ಷ ಯಾರ ಹಂಗೂ ಇಲ್ಲದೆ ಬೆಳೆದು ಮೈತುಂಬ ಹೂ ಬಿಟ್ಟಿತು. ಮೊಗ್ಗು ಒಡೆದಾಗ ಹಳದಿ, ಮರುದಿನ ಕಿತ್ತಳೆ, ಆಮೇಲೆ ಕೆಂಪು, ಎಲ್ಲ ಒಂದೇ ಗೊಂಚಲಿನಲ್ಲಿ. ಅತ್ತೆ ಒಂದು ಗೊಂಚಲು ಕಿತ್ತು ತಂದು ಕಸೂತಿ ದಾರದ ಡಬ್ಬಿಯ ಪಕ್ಕ ಇಟ್ಟು, "ಬಣ್ಣ ಸೇರಿಸೋದು ಅಂದ್ರೆ ಹೀಗೆ. ಇಷ್ಟು ಧೈರ್ಯ ಇರಬೇಕು" ಎಂದು ಹುಡುಗಿಯರಿಗೆ ಹೇಳುತ್ತಿದ್ದರು. ಅವರ ಜೀವನದಲ್ಲಿ ಅಂಥ ಧೈರ್ಯದ ಬಣ್ಣಗಳು ಹೆಚ್ಚು ಇರಲಿಲ್ಲ. ಆ ಗಿಡವನ್ನು ಅವರು ಯಾಕೆ ಅಷ್ಟು ಹಚ್ಚಿಕೊಂಡರು ಅನ್ನುವುದು ನನಗೆ ಆಗ ತಿಳಿದಿರಲಿಲ್ಲ.

ಮೂರನೆಯ ವರ್ಷ ಹಿತ್ತಿಲಲ್ಲಿ ಬಚ್ಚಲುಮನೆ ದೊಡ್ಡದು ಮಾಡಲು ಬಿಲ್ವದ ಮರ ತೆಗೆಸಬೇಕಾಯಿತು. ಅದುವರೆಗೆ ಅದರ ಬುಡಕ್ಕೆ ಬೀಳುತ್ತಿದ್ದ ಪೂಜೆಯ ನೀರು ಗೇಟಿನ ಪಕ್ಕಕ್ಕೆ ಬಂತು. ಗಿಡ ಕೊಬ್ಬಿತು, ಹೂ ನಿಂತಿತು, ಎಲೆಗೆ ಬಿಳಿ ಹತ್ತಿತು. ಅತ್ತೆ ಕೈಮುಗಿದರು.

ಆಗ ಗೋಡೆಯಾಚೆ ಪುಟ್ಟಮ್ಮನವರಿದ್ದರು. ತಿ. ನರಸೀಪುರದ ಕಡೆಯ ಒಕ್ಕಲು ಮನೆತನದವರು. ಅವರಿಗೂ ಅತ್ತೆಗೂ ಎಂಥ ಸ್ನೇಹವೆಂದರೆ, ಅವರು ರವಿಕೆಯನ್ನು ಅತ್ತೆಯ ಕೈಯಲ್ಲಲ್ಲದೆ ಬೇರೆಲ್ಲೂ ಹೊಲಿಸುತ್ತಿರಲಿಲ್ಲ; ಅವರೆಕಾಯಿ ಕಾಲದಲ್ಲಿ ಎರಡು ಮನೆಯ ಕಾಳೂ ಒಂದೇ ಮೊರದಲ್ಲಿ ಬೀಳುತ್ತಿತ್ತು. ಲಂಟಾನವೆಂದರೆ ಪುಟ್ಟಮ್ಮನವರಿಗೆ ಅಂಗೈ ಮೇಲಿನ ಗೆರೆ. ಚಿಕ್ಕಂದಿನಿಂದ ಹೊಲದ ಅಂಚಿನಲ್ಲಿ ಅದನ್ನು ಕಡಿದು ಕಡಿದು ಸೋತವರು. ಒಂದು ಗಿಡ ಏನು ಕೊಟ್ಟರೆ ಬದುಕುತ್ತದೆ ಅನ್ನುವುದು ಅದನ್ನು ಸಾಯಿಸಲು ಹೆಣಗಿದವರಿಗೆ ಗೊತ್ತಿರುವಷ್ಟು ಸಾಕಿದವರಿಗೆ ಗೊತ್ತಿರುವುದಿಲ್ಲ ಅಂತ ಈಗ ಅನಿಸುತ್ತದೆ. ಗೋಡೆಯ ಮೇಲೆ ಮೊಣಕೈ ಊರಿ ಅವರು ಹೇಳಿದ್ದರು.

"ಗಿರಿಜಮ್ನೋರೆ, ಅದು ಬೂಷ್ಟು ಕಣ್ರೀ. ನೀರು ಹೆಚ್ಚಾಗ್ಯದೆ, ಗಾಳಿ ಆಡ್ತಿಲ್ಲ. ಮಂಡಿಯುದ್ದಕ್ಕೆ ಕತ್ತರಿಸ್ಬುಟ್ಟು ಒಂದು ತಿಂಗ್ಳು ಅದ್ರ ಕಡೆ ನೋಡ್ಬೇಡಿ. ಎಂಗೆ ಚಿಗುರ್ತದೆ ನೋಡಿ ಆಮೇಲೆ."

"ಲಿಂಗಪೂಜೆ ನೀರು ಬಿದ್ದ ಗಿಡ ರೀ ಅದು. ವಿಭೂತಿ ಕಾಣಿಸ್ಕೊಂಡಿದೆ. ಅದಕ್ಕೆ ಕತ್ತರಿ ಹಾಕ್ತಾರಾ ಯಾರಾದ್ರೂ?"

"ನಮ್ಮ ಕುಂಬಳ ಬಳ್ಳೀಗೂ ಬಂದದಲ್ರೀ ಬೆಳ್ಳಗೆ. ಅದ್ಯಾವ ಮಠದ್ದು?"

ನಾನು ಒಳಗಿನಿಂದ ನಕ್ಕೆ. ಅತ್ತೆ ನಗಲಿಲ್ಲ. ಎರಡು ದಿನ ಗೋಡೆಯ ಕಡೆ ಹೋಗಲಿಲ್ಲ. ಆ ವಾರವೇ ಮಠದ ಹಾಸ್ಟೆಲಿನ ಮಕ್ಕಳಿಗೆ ಅಂಗಿ ಹೊಲಿದುಕೊಡುವ ಸೇವೆಗೆಂದು ಐದು ದಿನ ಹೋದರು.

ಮುಂದೆ ನಡೆದದ್ದನ್ನು ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು ಹೀಗೆ: ಅತ್ತೆ ಊರಲ್ಲಿರಲಿಲ್ಲ. ನಾನು ಕ್ಲಾಸಿಗೆ ಹೋಗಿದ್ದೆ. ಪುಟ್ಟಮ್ಮನವರು ನಮ್ಮ ಗೇಟು ತೆಗೆದುಕೊಂಡು ಒಳಬಂದು, ಯಾರ ಅಪ್ಪಣೆಯೂ ಇಲ್ಲದೆ, ಕುಡುಗೋಲಿನಿಂದ ಗಿಡವನ್ನು ಮೊಣಕಾಲುದ್ದಕ್ಕೆ ಸವರಿಹಾಕಿದರು. ಗೇಟಿನ ಕೀರಲು ಸದ್ದನ್ನು ಕೂಡ ನಾನು ಕಥೆಯಲ್ಲಿ ಸೇರಿಸುತ್ತಿದ್ದೆ. ಕ್ಲಾಸಿನಲ್ಲಿದ್ದವಳಿಗೆ ಆ ಸದ್ದು ಹೇಗೆ ಕೇಳಿಸಿತು ಎಂದು ಯಾರೂ ಕೇಳಲಿಲ್ಲ. ಪ್ರಶ್ನೆ ಕೇಳುವುದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನೂ ಕೇಳಿಕೊಳ್ಳಲಿಲ್ಲ.

ಅತ್ತೆ ಹಿಂತಿರುಗಿದ ಬೆಳಿಗ್ಗೆ ಮಾತ್ರ ಕಣ್ಣಿಗೆ ಕಟ್ಟಿದೆ. ಹೀಗೆ ಹೇಳುವಾಗಲೂ ಈಗ ಅಳುಕು. ಬ್ಯಾಗು ಕೆಳಗಿಡದೆ ಗೇಟಿನಲ್ಲೇ ನಿಂತರು. ಮೂಲೆಯಲ್ಲಿ ಏಳೆಂಟು ಬೋಳು ಕಡ್ಡಿ. "ಯಾರು ಮಾಡಿದ್ದು ಇದನ್ನ?" ಅಂದರು. ನಾನು ಬಾಗಿಲಲ್ಲಿದ್ದೆ. ಪುಟ್ಟಮ್ಮನವರು ಗೋಡೆಯಾಚೆ ಬಟ್ಟೆ ಹರವುತ್ತಿದ್ದವರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನಾನೇ ಕಣ್ರೀ" ಅಂದರು.

"ಪುಟ್ಟಮ್ಮ, ನಿಮ್ಮ ರವಿಕೆ ಬಟ್ಟೆ ಒಳಗಿದೆ. ಹುಡುಗಿ ಕೈಲಿ ಕಳಿಸ್ತೀನಿ," ಅಂದರು ಅತ್ತೆ. ಅದೇ ಕೊನೆಯ ಮಾತು.

ಆಮೇಲೆ ಗಿಡವನ್ನು ಉಳಿಸುವ ಹಠ ಹಿಡಿದರು. ಎರಡು ಹೊತ್ತೂ ನೀರು, ಮೇಲೊಂದಿಷ್ಟು ಮಜ್ಜಿಗೆ, ಅಕ್ಕಿ ತೊಳೆದದ್ದು. ತಿಂಗಳೊಳಗೆ ಬುಡ ಕಪ್ಪಗಾಗಿ, ಎಳೆದರೆ ಕೈಗೇ ಬಂತು. ಸತ್ತದ್ದು ಪುಟ್ಟಮ್ಮನವರು ಕತ್ತರಿಸಿದ್ದರಿಂದ ಎಂದು ಮನೆಯಲ್ಲಿ ತೀರ್ಮಾನವಾಯಿತು. ನಾನೂ ತಲೆಯಾಡಿಸಿದೆ. ಮೂರು ವರ್ಷದ ಮೇಲೆ ಅವರು ಮನೆ ಖಾಲಿ ಮಾಡಿ ಮಗಳ ಜೊತೆ ರಾಜೀವನಗರಕ್ಕೆ ಹೋದಾಗ ಅತ್ತೆ ಕಿಟಕಿಯ ಪರದೆ ಎಳೆದುಕೊಂಡು ಮಿಷನ್ ತುಳಿಯುತ್ತಿದ್ದರು.

ತಾರಸಿಯಿಂದ ಇಳಿದು ಬಂದ ನನಗೆ ಆ ಹಳೆಯ ಸಿಟ್ಟೆಲ್ಲ ಹೊಸದಾಗಿ ಉಕ್ಕಿತು. ಇದನ್ನು ಬರೆದೇ ತೀರಬೇಕು ಅನ್ನಿಸಿತು. ಗಿಡಕ್ಕೆ ಬಾಯಿಲ್ಲವೆಂದು, ಮನೆಯವರಿಲ್ಲದಾಗ ಬಂದು ಕಡಿದುಹೋಗುವ ನೆರೆಹೊರೆಯ ಬಗ್ಗೆ ಖಾರವಾಗಿ ಒಂದು ಪ್ರಬಂಧ. ಮೊದಲ ಎರಡು ವಾಕ್ಯ ತಲೆಯಲ್ಲಿ ಸಿದ್ಧವಾಗಿಯೂ ಇದ್ದವು, ಚೆನ್ನಾಗಿಯೂ ಇದ್ದವು. ಆ ದಿನದ ಮಾತುಗಳನ್ನು ಮಾತ್ರ ಸರಿಯಾಗಿ ನೋಡಿಕೊಳ್ಳೋಣವೆಂದು ಅಟ್ಟದಿಂದ ಆ ವರ್ಷದ ಡೈರಿ ಇಳಿಸಿದೆ. ನಾನು ಡೈರಿ ಬರೆಯುವುದು ನೆನಪನ್ನು ನಂಬದ ಕಾರಣಕ್ಕೆ. ಆದರೆ ಬರೆದದ್ದನ್ನು ತಿರುಗಿ ಓದಿದ್ದು ಕಡಿಮೆ, ಹಾಗಾಗಿ ನಂಬಿಕೊಂಡು ಬಂದದ್ದು ನೆನಪನ್ನೇ. ಇದು ಎಂಥ ವ್ಯವಸ್ಥೆ ಎಂದು ನೀವೇ ಹೇಳಿ.

ಪುಟ ಸಿಕ್ಕಿತು. ನನ್ನದೇ ಅಕ್ಷರ, ನೀಲಿ ಇಂಕು.

"ಇವತ್ತು ಕ್ಲಾಸಿಗೆ ಹೋಗಲಿಲ್ಲ. ಅತ್ತೆ ಬರುವುದರೊಳಗೆ ಗಿಡ ಸರಿಮಾಡಿಬಿಡೋಣ ಎಂದು ನಾನೇ ಪುಟ್ಟಮ್ಮನವರನ್ನು ಕರೆದೆ. ಗಿರಿಜಮ್ಮನನ್ನು ಕೇಳದೆ ಬೇಡ ಅಂದರು. ಅತ್ತೆಗೆ ನಾನು ಹೇಳುತ್ತೇನೆ ಅಂದೆ. ಅತ್ತೆಯ ದೊಡ್ಡ ಕತ್ತರಿ ತಂದು ಮೊದಲ ಕೊಂಬೆ ನಾನೇ ಕತ್ತರಿಸಿದೆ. ದಪ್ಪ ಕೊಂಬೆಗೆ ಕತ್ತರಿ ಕಚ್ಚಿಕೊಂಡಿತು. ಆಮೇಲೆ ಅವರು ಕುಡುಗೋಲು ತಂದರು. ಕೈಯೆಲ್ಲ ನಾತ."

ಅತ್ತೆ ಹಿಂತಿರುಗಿದ ದಿನದ ಪುಟ ತೆಗೆದೆ. ಅಲ್ಲಿ ಒಂದೇ ಸಾಲು: "ಬರೆಯುವಂಥದ್ದೇನೂ ನಡೆಯಲಿಲ್ಲ."

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಹೇಳಿಬಿಡುತ್ತೇನೆ. ಕೋಪ. ಡೈರಿಯ ಮೇಲೆ ಕೋಪ, ಹೀಗೆ ಬರೆದಿಟ್ಟ ಆ ಹುಡುಗಿಯ ಮೇಲೆ ಕೋಪ. ಒಂದು ದಿನ ಇಷ್ಟು ವಿವರವಾಗಿ ಬರೆಯುವಷ್ಟು ಪ್ರಾಮಾಣಿಕಳು, ಎರಡು ದಿನ ಕಳೆದರೆ ಒಂದೇ ಸಾಲಿನ ಸುಳ್ಳುಗಾತಿ! ಯಾರೋ ನನ್ನ ಅಕ್ಷರ ಅನುಕರಿಸಿರಬಹುದೇ ಎಂಬ ಯೋಚನೆ ಕೂಡ ಒಂದು ಕ್ಷಣ ಬಂತು. ಇತಿಹಾಸ ಓದಿದವರಿಗೆ ಇಂಥ ವಿದ್ಯೆ ಬೇಗ ಹೊಳೆಯುತ್ತದೆ. ಇನ್ನೊಂದು ಸಾಕ್ಷಿ ಬೇಕಲ್ಲ ಎಂದು ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದೆ. ಕಬ್ಬಿಣದ ದೊಡ್ಡ ಕತ್ತರಿ, ಬಟ್ಟೆಯನ್ನಲ್ಲದೆ ಕಾಗದವನ್ನೂ ಅದರಲ್ಲಿ ಕತ್ತರಿಸಲು ಅತ್ತೆ ಯಾರನ್ನೂ ಬಿಡುತ್ತಿರಲಿಲ್ಲ. ಬಾಯಿಯಲ್ಲಿ, ತುದಿಯಿಂದ ಎರಡು ಬೆರಳು ಒಳಗೆ, ಒಂದು ಕಚ್ಚು. ಅದಕ್ಕಾಗಿ ಹೊಲಿಗೆ ಕಲಿಯಲು ಬರುತ್ತಿದ್ದ ಇಬ್ಬರು ಹುಡುಗಿಯರು ಬೈಸಿಕೊಂಡು ಅತ್ತದ್ದು ಆಗ ನೆನಪಾಯಿತು. ಅದನ್ನೂ ನಾನು ಬಾಗಿಲಲ್ಲೇ ನಿಂತು ನೋಡಿದ್ದೆ.

ಡೈರಿಯನ್ನು ಅಟ್ಟಕ್ಕೆ ಹಾಕಿ ಸುಮ್ಮನಿರಬಹುದಿತ್ತು. ಎರಡು ದಿನ ಇದ್ದೆ. ಆದರೆ ಅತ್ತೆ ಪ್ರತಿ ಬೆಳಿಗ್ಗೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು, ಗಿಡದ ಮೇಲೆ ಬೂಷ್ಟು ಹೆಚ್ಚುತ್ತಿತ್ತು, ನಾನು ಏನು ಹೇಳಿದರೂ ಅವರು ನೀರು ನಿಲ್ಲಿಸುವುದಿಲ್ಲ ಎಂದು ಗೊತ್ತಿತ್ತು. ನಿಲ್ಲಿಸಬೇಕಾದರೆ ಆಗ ಪುಟ್ಟಮ್ಮನವರು ಹೇಳಿದ್ದು ಸರಿ ಅನ್ನಬೇಕು. ಸರಿ ಅನ್ನಬೇಕಾದರೆ ಮಿಕ್ಕದ್ದನ್ನೂ ಅನ್ನಬೇಕು. ಮೂರನೆಯ ದಿನ, ಅತ್ತೆ ನನ್ನ ಕುಪ್ಪಸಕ್ಕೆ ಹುಕ್ಕು ಹಾಕುತ್ತಿದ್ದಾಗ, ಪುಟವನ್ನು ಗಟ್ಟಿಯಾಗಿ ಓದಿದೆ.

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಕತ್ತರಿ ಕಚ್ಚು ನಿಂದಾ?"

"ನಂದು."

"ಆ ಹುಡುಗೀರನ್ನ ಬೈದೆನಲ್ಲೇ. ಒಬ್ಬಳು ಬರೋದನ್ನೇ ಬಿಟ್ಟಳು."

ನಾನು ಡೈರಿ ಮುಚ್ಚಿದೆ.

"ಪುಟ್ಟಮ್ಮನ ಎಡಭುಜ ಸ್ವಲ್ಪ ತಗ್ಗು. ಅದನ್ನ ನೋಡಿ ಹೊಲೀಬೇಕು. ಇಷ್ಟು ವರ್ಷ ಯಾರ ಹತ್ತಿರ ಹೊಲಿಸ್ಕೊಂಡಳೋ ಏನೋ." ಸೂಜಿಯನ್ನು ದಾರದುಂಡೆಗೆ ಚುಚ್ಚಿದರು. ಆಮೇಲೆ ದನಿ ಏರಿತು. "ನಿನ್ನ ಬಾಯಿಗೆ ಏನು ಬಡಿದಿತ್ತೇ ಅವತ್ತು? ಒಂದು ಮಾತು. ನಾನು ನಿನ್ನನ್ನ ಬೈತಿದ್ದೆ, ಹೆಚ್ಚು ಅಂದ್ರೆ ಊಟ ಬಿಡ್ತಿದ್ದೆ. ಮುಗೀತಿತ್ತು! ನಿಂತ್ಕೊಂಡು ಏನು ನೋಡ್ತೀಯ? ಆಟೋ ಕರಿ."

ವಿಳಾಸ ಹುಡುಕುವ ಕಷ್ಟ ಇರಲಿಲ್ಲ, ಅದೇ ದೊಡ್ಡ ನಾಚಿಕೆ. ಪುಟ್ಟಮ್ಮನವರ ಮಗಳು ನನ್ನ ಕಾಲೇಜಿನ ಆಫೀಸಿನಲ್ಲೇ ಇದ್ದಾಳೆ. ವಾರಕ್ಕೆರಡು ಸಲ ನನ್ನನ್ನು ಕಂಡು ನಗುತ್ತಾಳೆ. ಅವಳ ತಾಯಿ ಹೇಗಿದ್ದಾರೆಂದು ಒಮ್ಮೆಯೂ ಕೇಳದೆ, ನಾನು ಉದಾರವಾಗಿ ತಿರುಗಿ ನಗುತ್ತಿದ್ದೆ.

ರಾಜೀವನಗರದ ಆ ಮನೆಯ ಪಕ್ಕದಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ಬಾಳೆಯ ಸಾಲು. ಪುಟ್ಟಮ್ಮನವರು ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರವ್ವಾ... ಗಿರಿಜಮ್ನೋರಾ?" ಅಂದರು.

ಅತ್ತೆ ಕೂತುಕೊಂಡರು. ಏನೂ ಹೇಳದೆ ನನ್ನ ಕಡೆ ಬೆರಳು ತೋರಿಸಿದರು. ಆಟೋದಲ್ಲಿ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ನಾನು ಹೇಳಿದೆ. ಗಿಡ ಕತ್ತರಿಸಿದ್ದು ನಾನು, ನೀವು ನನ್ನನ್ನು ಉಳಿಸಲು ನಿಮ್ಮ ಮೇಲೆ ಹಾಕಿಕೊಂಡಿರಿ, ಇಷ್ಟು ವರ್ಷ ನಿಮ್ಮ ಹೆಸರು ಕೆಡಿಸಿದೆ. ಕ್ಷಮೆ ಕೇಳುವುದರಲ್ಲೂ ಒಂದು ಸುಖವಿದೆ, ಅದು ಬಂದೇಬಿಟ್ಟಿತು ಅನ್ನುವಷ್ಟರಲ್ಲಿ ಪುಟ್ಟಮ್ಮನವರು ಸೊಪ್ಪಿನ ಕಟ್ಟನ್ನು ಮೊರಕ್ಕೆ ಕುಕ್ಕಿದರು.

"ಏ, ಸುಮ್ನಿರು ಮಗಾ! ನೀನೆಲ್ಲಿ ಕತ್ತರಿಸ್ದೆ? ಬಟ್ಟೆ ಕತ್ತರೀಲಿ ಒಂದು ಕಡ್ಡಿ ಕುಯ್ದು, ಬೆರಳು ಗೀಚ್ಕೊಂಡು, ಅಯ್ಯೋ ಅಂತ ಕೂತ್ಕಂಡೆ. ಮಿಕ್ಕಿದ್ದೆಲ್ಲಾ ಸವರಿದ್ದು ನಾನು. ನಿನ್ನ ಉಳ್ಸಕ್ಕೆ ಯಾರು ಯೋಳುದ್ರು? ನಾನೇ ಕತ್ತರಿಸ್ದೆ, ಅದ್ಕೇ ನಾನೇ ಅಂದೆ. ಸರಿಯಾಗೇ ಕತ್ತರಿಸಿದ್ದೆ. ಅದ್ನೂ ಈಗ ನಿಂದು ಅಂತ ಬಂದ್ಬುಟ್ಟೆಯಲ್ಲ!"

ಡೈರಿ ತಂದಿದ್ದೇನೆ, ಓದಲೇ ಅಂದೆ. "ನಿನ್ನ ಪುಸ್ತಕ ನೀನೇ ಮಡಿಕ್ಕೊ," ಅಂದರು. ನನ್ನ ತಪ್ಪನ್ನು ಒಪ್ಪಿಕೊಳ್ಳಲು ನನಗೇ ಅಧಿಕಾರವಿಲ್ಲವೆ? ಇದಕ್ಕಿಂತ ಅನ್ಯಾಯವುಂಟೆ? ಆದರೆ ನನ್ನ ಅನ್ಯಾಯವನ್ನು ಕೇಳುವವರು ಅಲ್ಲಿ ಇರಲಿಲ್ಲ. ಅವರು ಅತ್ತೆಯ ಕಡೆ ತಿರುಗಿಯಾಗಿತ್ತು.

"ಎಂಟೇ ದಿವ್ಸಕ್ಕೆ ಚಿಗುರು ಬಂದಿತ್ತು ಗಿರಿಜಮ್ನೋರೆ. ಗೋಡೆ ಮೇಲಿಂದ ದಿನಾ ನೋಡ್ತಿದ್ದೆ ನಾನು. ನೀವು ಕೊಡ ಕೊಡ ಸುರಿದು ಬೇರು ಕೊಳ್ಸುದ್ರಿ."

"ಲಿಂಗಪೂಜೆ ನೀರು ರೀ ಅದು!"

"ಲಿಂಗ ಏನು, ಕುಡಿಯಕ್ಕಾಗ್ದೇ ಇರೋವ್ಗೆ ಕುಡ್ಸು ಅಂತದಾ? ಬೇಲಿ ಗಿಡ ಅದು. ಬಿಸ್ಲು ತಿಂದು ಬದುಕೋದು. ಅದ್ರ ಬಾಯ್ಗೆ ದಿನಾ ಹಾಲು ನೀರು ಹುಯ್ದ್ರೆ?"

"ಮತ್ತೆ ಅವತ್ತೇ ಹೇಳೋದಲ್ವಾ ಚಿಗುರು ಬಂದಿದೆ ಅಂತ?"

"ಎಂಗೆ ಯೋಳ್ಲಿ? ಮುಖಾನೇ ತಿರುಗ್ಸಲಿಲ್ವಲ್ಲ ನೀವು! 'ರವಿಕೆ ಬಟ್ಟೆ ಕಳಿಸ್ತೀನಿ' ಅಂತೆ! ನಾನೇನು ನಿಮ್ಮ ಹತ್ರ ಬಟ್ಟೆಗಾಗಿ ಬತ್ತಿದ್ನಾ?"

ಅತ್ತೆ ಕೈ ಚಾಚಿ, ಪುಟ್ಟಮ್ಮನವರ ಎಡ ಹೆಗಲ ಮೇಲಿನ ರವಿಕೆಯ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು, "ಯಾರ್ರೀ ಹೊಲಿದೋರು ಇದನ್ನ? ಇಲ್ಲಿ ನೋಡಿ, ಜೋಲು ಬಿದ್ದಿದೆ. ಇಷ್ಟು ವರ್ಷ ಹೀಗೇ ಹಾಕ್ಕೊಂಡಿದೀರಾ? ಕರ್ಮ!" ಅಂದರು. ಪುಟ್ಟಮ್ಮನವರು ಹೆಗಲನ್ನು ಎಳೆದುಕೊಳ್ಳಲಿಲ್ಲ. ಸೊಪ್ಪಿನ ಕಡೆ ನೋಡುತ್ತ, "ಯಾವನೋ ಹೊಲ್ದ. ನೀವಿದ್ರಾ?" ಅಂದರು.

ಎರಡು ಗಂಟೆ ಕೂತಿದ್ದೆವು. ಎರಡು ಗಂಟೆಯೂ ಜಗಳ. ನೀರಿನದು, ಚಿಗುರಿನದು, ಯಾವ ವರ್ಷದ ಅವರೆಕಾಯಿ ಸೊಗಡು ಹೆಚ್ಚಿತ್ತು ಅನ್ನುವುದರದು. ಸೊಪ್ಪನ್ನು ನಾನು ಸೋಸಿದೆ. ನಮ್ಮ ಕುಂಡದ ಕಥೆ ಕೇಳಿ ಪುಟ್ಟಮ್ಮನವರು ಆಜ್ಞೆ ಕೊಟ್ಟರು: ಗೇಣುದ್ದಕ್ಕೆ ಕತ್ತರಿಸಬೇಕು, ಕತ್ತರಿಸಿದ ಎಲೆಯನ್ನು ದನ ಬಾಯಿ ಹಾಕುವ ಕಡೆ ಬಿಸಾಕಬಾರದು, ಹೊಸ ಎಲೆ ಬಂದ ಮೇಲೆ ಅಂಟುವಾಳದ ನೊರೆಯನ್ನು ಎಲೆಯ ಅಡಿಯಿಂದ ಚಿಮುಕಿಸಿದರೆ ಬಿಳಿನೊಣ ನಿಲ್ಲುವುದಿಲ್ಲ. "ಪೂಜೆ ನೀರಿಗೆ ಕುಡಿಯೋ ಗಿಡ ನಾನು ಕೊಡ್ತೀನಿ," ಎಂದು ಗುದ್ದಲಿ ತರಿಸಿ, ಬಾಳೆಯ ಒಂದು ಕಂದು ಕೀಳಿಸಿ, ಗೋಣಿತಾಟಿನಲ್ಲಿ ಸುತ್ತಿಕೊಟ್ಟರು. ವಾಪಸು ಬರುವಾಗ ಅತ್ತೆ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ದಾರಿಯಲ್ಲಿ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ನಾಲ್ಕು ದಿನ ಆಡಲಿಲ್ಲ. ಗೇಟಿನ ಪಕ್ಕ ಒಂದು ಮೊಳ ಸಿಮೆಂಟು ಒಡೆಸಿ ಕಂದು ನೆಡಿಸಿದರು. ಪೂಜೆ ಮುಗಿಸಿ ಅಲ್ಲಿಗೇ ಹೋಗುತ್ತಾರೆ, ಮೆಟ್ಟಿಲು ಹತ್ತುವುದಿಲ್ಲ. ಸಂಜೆ ಫೋನನ್ನು ಸ್ಪೀಕರಿಗೆ ಹಾಕಿ ಪುಟ್ಟಮ್ಮನವರ ಜೊತೆ ಮಾತಾಡುತ್ತಾರೆ, ನನಗೆ ಕೇಳಲೆಂದೇ ನನ್ನ ವಿಷಯ ಎತ್ತುತ್ತಾರೆ. "ಓದಿದೋರು ಕಣ್ರೀ," ಅನ್ನುತ್ತಾರೆ. ಆಚೆಯಿಂದ, "ಬುಡಿ, ಪಾಪ," ಅನ್ನುವುದು ಕೇಳುತ್ತದೆ. ಆ ಪಾಪ ಅನ್ನುವುದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಇವತ್ತು ಬೆಳಿಗ್ಗೆ ನಾನು ಅಡುಗೆಮನೆಯ ಚಾಕು ಹಿಡಿದು ತಾರಸಿಗೆ ಹೊರಟಿದ್ದೆ. ಅತ್ತೆ ತಡೆದರು. ಮಿಷನ್ನಿನ ಡ್ರಾಯರ್ ಎಳೆದು ದೊಡ್ಡ ಕತ್ತರಿ ತೆಗೆದು ನನ್ನ ಕೈಯಲ್ಲಿಟ್ಟರು.

"ತಗೋ. ಹೇಗೂ ಹಾಳು ಮಾಡಿದೀಯ."

ಮಂಡಿ ಹಿಡಿದುಕೊಂಡು ಹಿಂದೆಯೇ ಮೇಲೆ ಬಂದು, ಪ್ಯಾರಪೆಟ್ ಗೋಡೆಗೆ ಒರಗಿ ನಿಂತರು. ಒಂದೊಂದೇ ಕೊಂಬೆ ಕತ್ತರಿಸಿದೆ. ದಪ್ಪ ಬುಡಕ್ಕೆ ಬಂದಾಗ ಕತ್ತರಿ ಆ ಹಳೆಯ ಕಚ್ಚಿನಲ್ಲೇ ಸಿಕ್ಕಿಕೊಂಡಿತು. ಅತ್ತೆ, "ಅಲ್ಲೇ. ಅಲ್ಲೇ ಒತ್ತು," ಅಂದರು. ಗೇಣುದ್ದದ ಐದು ಕಡ್ಡಿ ಉಳಿದವು. ಚಿಗುರುತ್ತದೋ ಇಲ್ಲವೋ ಈಗಲೇ ಹೇಳಲಾರೆ, ನೀವೂ ಕೇಳಬೇಡಿ.

"ಇದನ್ನೂ ಬರ್ಕೊ ನಿನ್ನ ಪುಸ್ತಕದಲ್ಲಿ," ಅತ್ತೆ ಮೆಟ್ಟಿಲ ಕಡೆ ತಿರುಗುತ್ತ ಅಂದರು. "ಯಾರು ಕತ್ತರಿಸಿದ್ದು ಅಂತ ಈ ಸಲ ಆದ್ರೂ ಸರಿಯಾಗಿ ಬರಿ. ಬರೆದು ನನಗೆ ಓದಿ ಹೇಳು."

ಬಂದು ಕೂತು ಬರೆದೆ. "ಪುಟ್ಟಮ್ಮನವರು ಹೇಳಿಕೊಟ್ಟರು. ಅತ್ತೆ ಕತ್ತರಿ ಕೊಟ್ಟರು. ನಾನು ಕತ್ತರಿಸಿದೆ." ನಾತದ ಬೆರಳಿನಲ್ಲೇ ಹಳೆಯ ಡೈರಿಯ ಪುಟ ತಿರುಗಿಸಿ, ಇಪ್ಪತ್ತಮೂರು ವರ್ಷದ ಹಿಂದಿನ ಆ ಒಂಟಿ ಸಾಲಿನ ಕೆಳಗೂ ಅವತ್ತು ಗೇಟಿನಲ್ಲಿ ನಡೆದದ್ದನ್ನು ಬರೆಯತೊಡಗಿದೆ. ಒಳಗಿನಿಂದ ಅತ್ತೆ, "ಆಯ್ತಾ?" ಅಂತ ಆಗಲೇ ಎರಡು ಸಲ ಕೇಳಿದ್ದಾರೆ.